ನಿಂತ ಲಾರಿಯ ಬೆನ್ನು

ಕಳೆದ ಮಾಘದ ಒಂದು ರಾತ್ರಿ ಹುಬ್ಬಳ್ಳಿಯಲ್ಲಿ ಮದುವೆಯ ಊಟ ಮುಗಿಸಿ ದಾವಣಗೆರೆಗೆ ಮರಳುತ್ತಿದ್ದಾಗ, ಬಂಕಾಪುರ ಕ್ರಾಸ್ ದಾಟಿ ಸ್ವಲ್ಪ ದೂರ ಬಂದ ಮೇಲೆ, ಹೆದ್ದಾರಿಯ ಎಡಗಡೆಯ ಲೇನಿನಲ್ಲಿ ಒಂದು ಬೇವಿನ ಟೊಂಗೆ ಬಿದ್ದಿರುವುದು ಕಾಣಿಸಿತು. ಕಾರು ಓಡಿಸುತ್ತಿದ್ದ ನನ್ನ ಭಾವಮೈದುನ ತಕ್ಷಣ ಬಲಕ್ಕೆ ಹೊರಳಿಸಿ ವೇಗ ತಗ್ಗಿಸಿದ. ಟೊಂಗೆಯಿಂದ ಇಪ್ಪತ್ತು ಹೆಜ್ಜೆ ಮುಂದೆ ತಲೆ ಗಾತ್ರದ ಮೂರು ಕಲ್ಲುಗಳು, ಅವುಗಳಿಂದ ಮತ್ತೆ ಹತ್ತು ಹೆಜ್ಜೆ ಮುಂದೆ ಮೆಕ್ಕೆಜೋಳದ ಚೀಲಗಳನ್ನು ಹೇರಿಕೊಂಡು ನಿಂತಿದ್ದ ಲಾರಿ. ಹಿಂಬದಿಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ ಹುಡುಗನೊಬ್ಬ ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಟಾರ್ಚಿನ ಬೆಳಕಿನಲ್ಲಿ ಸ್ಪ್ಯಾನರ್ ತಿರುವುತ್ತಿದ್ದ. ನಾವು ದಾಟಿ ಹೋಗುವಾಗ ಅವನು ತಲೆ ಎತ್ತಿ ಕೂಡ ನೋಡಲಿಲ್ಲ.

ಆ ಟೊಂಗೆಗೆ ಹೆದ್ದಾರಿಯ ಭಾಷೆಯಲ್ಲಿ ಒಂದು ಅರ್ಥವಿದೆ. ಮುಂದೆ ಕೆಟ್ಟು ನಿಂತ ಗಾಡಿ ಇದೆ, ಪಕ್ಕಕ್ಕೆ ಸರಿ ಎಂದು ಅದು ಹೇಳುತ್ತದೆ. ಯಾವ ಚಾಲನಾ ತರಬೇತಿ ಶಾಲೆಯೂ ಇದನ್ನು ಕಲಿಸುವುದಿಲ್ಲ, ಪರವಾನಗಿ ಪರೀಕ್ಷೆಯಲ್ಲೂ ಇದನ್ನು ಯಾರೂ ಕೇಳುವುದಿಲ್ಲ. ಕಾರು, ಲಾರಿಗಳಲ್ಲಿ ಬೆಳಕನ್ನು ಪ್ರತಿಫಲಿಸುವ ಕೆಂಪು ತ್ರಿಕೋನ ಇರಬೇಕು, ಕೆಟ್ಟು ನಿಂತಾಗ ಅದನ್ನು ಹಿಂದೆ ಇಡಬೇಕು ಎಂದು ನಿಯಮ ಹೇಳುತ್ತದೆ. ನಮ್ಮ ರಸ್ತೆಗಳಲ್ಲಿ ಆ ತ್ರಿಕೋನದ ಜಾಗವನ್ನು ಬೇವು, ಲಕ್ಕಿ, ಜಾಲಿ ಇತ್ಯಾದಿ ಕೈಗೆ ಸಿಕ್ಕ ಗಿಡಗಳು ತುಂಬಿವೆ. ಹಗಲಿನಲ್ಲಿ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ರಾತ್ರಿ ಹಸಿರು ಎಲೆ ಕಪ್ಪಾಗುತ್ತದೆ, ಕಪ್ಪು ಡಾಂಬರಿನ ಮೇಲೆ ಕಪ್ಪು ಟೊಂಗೆ ಎಷ್ಟು ಹೊತ್ತಿಗೆ ಕಾಣಿಸುತ್ತದೆ ಎಂಬುದು ಎದುರಿನವನ ಅದೃಷ್ಟಕ್ಕೆ ಬಿಟ್ಟದ್ದು.

ನಮ್ಮ ಕಾರು ಆ ರಾತ್ರಿ ಹಾದುಬಂದ ರಸ್ತೆಯ ಮೇಲೆಯೇ, ಇನ್ನೂ ದಕ್ಷಿಣಕ್ಕೆ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಇದೆ. 2024ರ ಜೂನ್ 28ರಂದು, ಬೆಳಕು ಹರಿಯುವುದಕ್ಕೆ ಮುಂಚೆ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಜನರಿದ್ದ ಟಿಟಿ (ಟೆಂಪೊ ಟ್ರಾವೆಲರ್) ವಾಹನ ಅಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಅಪ್ಪಳಿಸಿ 13 ಮಂದಿ ತೀರಿಕೊಂಡರು. ಅದಕ್ಕೂ ಎಂಟು ತಿಂಗಳು ಮೊದಲು, 2023ರ ಅಕ್ಟೋಬರ್ 26ರ ಮುಂಜಾನೆ, ದಟ್ಟ ಮಂಜಿನಲ್ಲಿ ಬೆಂಗಳೂರಿನತ್ತ ಹೊರಟಿದ್ದ ಟಾಟಾ ಸುಮೊ ಒಂದು ಚಿಕ್ಕಬಳ್ಳಾಪುರದ ಬಳಿ ನಿಂತಿದ್ದ ಸಿಮೆಂಟ್ ಸಾಗಿಸುವ ಟ್ಯಾಂಕರಿಗೆ ಹಿಂದಿನಿಂದ ಗುದ್ದಿತು. ದಸರೆ ಹಬ್ಬ ಮುಗಿಸಿ ಕೂಲಿಗೆ ಮರಳುತ್ತಿದ್ದವರೇ ಅದರಲ್ಲಿ ಹೆಚ್ಚಾಗಿದ್ದರು. ಅಲ್ಲೂ ಸತ್ತವರು 13. ರಾಜಸ್ಥಾನದ ಫಲೋಡಿಯಲ್ಲಿ 2025ರ ನವೆಂಬರ್ 2ರಂದು ತೀರ್ಥಯಾತ್ರೆಯಿಂದ ಮರಳುತ್ತಿದ್ದ ಟಿಟಿ ವಾಹನ ಹೆದ್ದಾರಿಯಲ್ಲಿ ನಿಂತಿದ್ದ ಟ್ರೇಲರ್‌ಗೆ ಬಡಿದಾಗ 15 ಮಂದಿ ಹೋದರು. ಸರ್ವೋಚ್ಚ ನ್ಯಾಯಾಲಯ ಆ ಪ್ರಕರಣವನ್ನು ತಾನಾಗಿಯೇ ಕೈಗೆತ್ತಿಕೊಂಡು, ಹೆದ್ದಾರಿಯ ಅಂಚಿನ ಢಾಬಾಗಳ ಬಗ್ಗೆಯೂ ವಿವರ ಕೇಳಿತು.

ಮೂರು ಕಡೆಯೂ ಗುದ್ದಿದ ವಾಹನದಲ್ಲಿ ಜನರಿದ್ದರು, ಗುದ್ದಿಸಿಕೊಂಡ ವಾಹನದಲ್ಲಿ ಸರಕಿತ್ತು ಅಥವಾ ಅದೂ ಇರಲಿಲ್ಲ. ಮರುದಿನದ ಪತ್ರಿಕೆಗಳಲ್ಲಿ ಇಂಥ ಸುದ್ದಿಗೆ ಸಿದ್ಧ ಶಬ್ದಗಳಿವೆ: ಜವರಾಯನ ಅಟ್ಟಹಾಸ, ಯಮಸ್ವರೂಪಿ ಲಾರಿ, ವಿಧಿಯ ಕ್ರೂರ ಆಟ. ಲಾರಿಯನ್ನು ಯಮನೆಂದು ಕರೆದ ಮೇಲೆ ಅದು ಅಲ್ಲಿ ಯಾಕೆ ನಿಂತಿತ್ತು, ಎಷ್ಟು ಹೊತ್ತಿನಿಂದ ನಿಂತಿತ್ತು, ಅದರ ಬೆನ್ನು ಯಾಕೆ ಕಾಣಲಿಲ್ಲ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ. ಯಮನಿಗೆ ಯಾರೂ ಪಾರ್ಕಿಂಗ್ ಲೈಟ್ ಕೇಳುವುದಿಲ್ಲವಲ್ಲ. ಓಡುವ ವಾಹನದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇಲ್ಲಿ ನಾನು ನಿಂತ ವಾಹನದ ಬಗ್ಗೆ ಮಾತ್ರ ಬರೆಯಬೇಕೆಂದಿದ್ದೇನೆ.

ಮೊದಲು ಕತ್ತಲೆಯ ಲೆಕ್ಕ. ಬಾಡಿಗೆ ಪ್ರಯಾಣಿಕರ ವಾಹನಗಳಿಗೆ ಅಳವಡಿಸಬೇಕಾದ ವೇಗ ನಿಯಂತ್ರಕದ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಆ ವೇಗದಲ್ಲಿ ವಾಹನವೊಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಎದುರು ಬರುವವರ ಕಣ್ಣಿಗೆ ಹೊಡೆಯದಂತೆ ದೀಪವನ್ನು ಡಿಮ್ ಮಾಡಿದಾಗ ಸ್ಪಷ್ಟವಾಗಿ ಕಾಣುವುದು ಸುಮಾರು ಐವತ್ತು ಮೀಟರ್. ಕಂಡದ್ದು ಏನೆಂದು ಮಿದುಳಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಎಚ್ಚರವಾಗಿರುವ ಮನುಷ್ಯನಿಗೂ ಒಂದೂವರೆ ಸೆಕೆಂಡ್ ಬೇಕು. ಅಷ್ಟರಲ್ಲಿ 33 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಟೈರಿನ ವಾಹನ ಪೂರ್ತಿ ನಿಲ್ಲಲು ಮತ್ತೆ ನಲವತ್ತು ಮೀಟರ್ ಬೇಕು. ಐವತ್ತರಲ್ಲಿ ಮೂವತ್ಮೂರು ಕಳೆದರೆ ಉಳಿಯುವುದು ಹದಿನೇಳು. ಅಂದರೆ ಕಾನೂನು ಒಪ್ಪಿದ ವೇಗದಲ್ಲಿಯೇ, ಕುಡಿಯದೆ, ತೂಕಡಿಸದೆ, ಮೊಬೈಲ್ ನೋಡದೆ ಓಡಿಸುತ್ತಿರುವ ಚಾಲಕನಿಗೂ, ಮುಂದೆ ದೀಪವಿಲ್ಲದ ಬೂದುಬಣ್ಣದ ಗೋಡೆಯೊಂದು ನಿಂತಿದ್ದರೆ, ಬ್ರೇಕ್ ಹಾಕಿ ಉಳಿಯುವ ಅವಕಾಶವಿಲ್ಲ. ಪಕ್ಕಕ್ಕೆ ಹೊರಳಿಸುವುದೊಂದೇ ದಾರಿ, ಅದೂ ಬಲಗಡೆಯ ಲೇನ್ ಖಾಲಿಯಿದ್ದರೆ. ಇದಕ್ಕೆ ಬೆಳಗಿನ ಜಾವದ ಮೂರು-ನಾಲ್ಕು ಗಂಟೆಯ ನಿದ್ದೆಯನ್ನೂ, ಎದುರು ರಸ್ತೆಯ ಹೈ ಬೀಮನ್ನೂ, ಜೂನ್ ತಿಂಗಳ ಜಿಟಿಜಿಟಿ ಮಳೆಯನ್ನೂ ಸೇರಿಸಿಕೊಂಡರೆ ಲೆಕ್ಕ ಮಾಡುವ ಅಗತ್ಯವೇ ಉಳಿಯುವುದಿಲ್ಲ.

ಓಡುವ ಲಾರಿಗೆ ಗುದ್ದುವುದಕ್ಕೂ ನಿಂತ ಲಾರಿಗೆ ಗುದ್ದುವುದಕ್ಕೂ ಇರುವ ಅಂತರವೂ ಇಲ್ಲೇ ಇದೆ. ಮುಂದಿನದು ಐವತ್ತರಲ್ಲಿ ಹೋಗುತ್ತಿದ್ದರೆ ಹಿಂದಿನ ಎಂಬತ್ತು ಬರೀ ಮೂವತ್ತಾಗುತ್ತದೆ. ಮುಂದಿನದು ನಿಂತಿದ್ದರೆ ಎಂಬತ್ತು ಎಂಬತ್ತಾಗಿಯೇ ಉಳಿಯುತ್ತದೆ. ಅದರ ಮೇಲೆ ಎತ್ತರದ ಸಮಸ್ಯೆ. ಲಾರಿಯ ಹಿಂಬದಿಯ ಹಲಗೆ ನೆಲದಿಂದ ಸೊಂಟದೆತ್ತರಕ್ಕೆ ಶುರುವಾಗುತ್ತದೆ. ಕಾರಿನ ಬಂಪರು, ಇಂಜಿನ್ನು, ಡಿಕ್ಕಿಯ ಹೊಡೆತವನ್ನು ನುಂಗಲೆಂದು ಕಾರ್ಖಾನೆಯಲ್ಲಿ ಜಾಣತನದಿಂದ ರೂಪಿಸಿದ ಮುಂಭಾಗ, ಎಲ್ಲವೂ ಆ ಹಲಗೆಯ ಕೆಳಗೆ ನುಸುಳಿಹೋಗುತ್ತವೆ. ಹಲಗೆಗೆ ಮೊದಲು ಸಿಗುವುದು ಗಾಜು, ಆಮೇಲೆ ಕುಳಿತವರ ಎದೆ ಮತ್ತು ತಲೆ. ಇದನ್ನು ತಪ್ಪಿಸಲೆಂದೇ ಲಾರಿಯ ಹಿಂದೆ ಕೆಳಮಟ್ಟದಲ್ಲಿ ಗಟ್ಟಿಯಾದ ತಡೆಕಂಬಿ ಇರಬೇಕೆಂಬ ನಿಯಮವಿದೆ. ನಮ್ಮೂರ ಎಪಿಎಂಸಿ ಅಂಗಳದಲ್ಲಿ ಒಂದು ಸಂಜೆ ಸುಮ್ಮನೆ ಲಾರಿಗಳ ಬೆನ್ನು ನೋಡುತ್ತ ಅಡ್ಡಾಡಿದೆ. ಕೆಲವಕ್ಕೆ ತಡೆಕಂಬಿಯೇ ಇರಲಿಲ್ಲ. ಕೆಲವಕ್ಕೆ ಇತ್ತು, ಆದರೆ ಹಮಾಲರು ಅದರ ಮೇಲೆ ಕಾಲಿಟ್ಟು ಹತ್ತಿ ಹತ್ತಿ ಜೋತುಬಿದ್ದಿತ್ತು. ಒಂದಕ್ಕಂತೂ ಅದನ್ನು ತಂತಿಯಲ್ಲಿ ಬಿಗಿದಿದ್ದರು. ನನ್ನ ಕೈಯಲ್ಲಿ ಅಲ್ಲಾಡಿದ ಕಂಬಿ ಎಂಬತ್ತರ ವೇಗದ ಕಾರನ್ನು ತಡೆಯುವುದು ಹೇಗೆ ಎಂದು ಲಾರಿಯ ಕ್ಲೀನರನ್ನು ಕೇಳಿದರೆ ಅವನು ನಕ್ಕು, ‘ಅದು ಎಫ್‌ಸಿಗೆ, ಸಾರ್’ ಎಂದ.

ಎಫ್‌ಸಿ ಅಂದರೆ ಅರ್ಹತಾ ಪತ್ರ. ವಾಣಿಜ್ಯ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಇದು ಆಗಬೇಕು. ಎಫ್‌ಸಿಯ ಹಿಂದಿನ ದಿನ ಲಾರಿಗೆ ಬಣ್ಣ ಬರುತ್ತದೆ, ದೀಪ ಬರುತ್ತದೆ, ರೇಡಿಯಂ ಬರುತ್ತದೆ. ಕತ್ತಲಲ್ಲಿ ಹೊಳೆಯುವ ಆ ಕೆಂಪು, ಹಳದಿ ಪಟ್ಟಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು ರೇಡಿಯಂ ಎಂದೇ. ಅದರಲ್ಲಿ ರೇಡಿಯಂ ಧಾತುವಿನ ಒಂದು ಕಣವೂ ಇಲ್ಲ. ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಸಣ್ಣ ಸಣ್ಣ ಗಾಜಿನ ಹರಳುಗಳ ಅಥವಾ ಪಟ್ಟಕಗಳ ಸಾಲು ಅಷ್ಟೆ. ತನ್ನದೆಂಬ ಬೆಳಕಿಲ್ಲದ, ಬ್ಯಾಟರಿ ಬೇಡದ, ವೈರು ಕಡಿದರೂ ಕೆಲಸ ನಿಲ್ಲಿಸದ ಈ ಪಟ್ಟಿ ಐವತ್ತು ಮೀಟರಿನ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಶುಚಿಯಾಗಿದ್ದರೆ ಡಿಮ್ ದೀಪಕ್ಕೂ ನೂರಾರು ಮೀಟರ್ ದೂರದಿಂದ ಮಿನುಗುತ್ತದೆ. ಹೊಸ ತಂತ್ರಜ್ಞಾನ, ಕ್ಯಾಮೆರಾ, ಕೃತಕ ಬುದ್ಧಿಮತ್ತೆ ಎಂದೆಲ್ಲ ಮಾತಾಡುವ ರಸ್ತೆ ಸುರಕ್ಷತೆಯ ಸಭೆಗಳಲ್ಲಿ ಇಷ್ಟು ಅಗ್ಗದ, ಇಷ್ಟು ನಂಬಿಕಸ್ಥ ವಸ್ತುವಿನ ಮಾತು ಹಿಂದೆ ಬೀಳುವುದು ನನಗೆ ಆಶ್ಚರ್ಯ. ಆದರೆ ಪಟ್ಟಿ ಅಂಟಿಸಿದ ಮೇಲೆ ಅದರ ಗತಿ ಏನಾಗುತ್ತದೆ ಎಂದು ನೋಡಿ. ಮಳೆಗಾಲದ ಮೊದಲ ವಾರದಲ್ಲೇ ಕೆಸರು ಮೆತ್ತಿಕೊಳ್ಳುತ್ತದೆ. ತಾಡಪಾಲಿನ ಅಂಚು ಅದರ ಮೇಲೆ ಇಳಿಬೀಳುತ್ತದೆ. ಆಯುಧಪೂಜೆಯ ದಿನ ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಇಳಿಬಿಟ್ಟರೆ ಹಿಂಬದಿಯ ದೀಪಗಳೂ ಅದರ ಮರೆಗೆ ಸೇರುತ್ತವೆ, ಆ ಮಾಲೆ ತಾನಾಗಿ ಒಣಗಿ ಉದುರುವವರೆಗೆ ಯಾರೂ ತೆಗೆಯುವುದಿಲ್ಲ. ಚಕ್ರದಡಿಯ ನಿಂಬೆಹಣ್ಣಿಗೆ ತಪ್ಪದೆ ಸಲ್ಲುವ ಶ್ರದ್ಧೆ ಒಂದು ಒದ್ದೆ ಬಟ್ಟೆಗೆ ಸಲ್ಲುವುದಿಲ್ಲ. ನಾನು ಪೂಜೆಯ ವಿರೋಧಿಯಲ್ಲ. ನಮ್ಮ ಮನೆಯ ಸ್ಕೂಟರಿಗೂ ಪ್ರತಿ ವರ್ಷ ಹಾರ ಬೀಳುತ್ತದೆ.

ಹಾಗಾದರೆ ಲಾರಿ ಯಾಕೆ ರಸ್ತೆಯ ಮೇಲೆ ನಿಲ್ಲುತ್ತದೆ? ಮೋಟೆಬೆನ್ನೂರಿನ ಆಸುಪಾಸಿನ ಒಂದು ಢಾಬಾದಲ್ಲಿ ಚಳ್ಳಕೆರೆ ಕಡೆಯ ಚಾಲಕರೊಬ್ಬರು ಎದುರಿಗೆ ಕೂತಿದ್ದರು. ಮೂವತ್ತು ವರ್ಷದಿಂದ ಸ್ಟಿಯರಿಂಗ್ ಹಿಡಿದ ಮನುಷ್ಯ. ನನ್ನ ಪ್ರಶ್ನೆಯಲ್ಲಿ ಆಪಾದನೆಯ ವಾಸನೆ ಅವರಿಗೆ ಬಡಿದಿರಬೇಕು, ರೊಟ್ಟಿ ಮುರಿಯುತ್ತ ಮೊದಲು ಸುಮ್ಮನಿದ್ದರು. ಆಮೇಲೆ ಒಂದೊಂದಾಗಿ ಹೇಳಿದರು. ಟೈರು ರೀಸೋಲ್ ಆಗಿರುತ್ತದೆ, ಎಲ್ಲಿ ಒಡೆಯುತ್ತದೋ ಅಲ್ಲೇ ನಿಲ್ಲಬೇಕು. ರಿಮ್ಮಿನ ಮೇಲೆ ನೂರು ಅಡಿ ಓಡಿಸಿದರೂ ರಿಮ್ಮು ಹೋಗುತ್ತದೆ, ಅದರ ದುಡ್ಡು ಚಾಲಕನ ಭತ್ಯೆಯಿಂದ ಮುರಿಯುತ್ತದೆ. ಎಡಕ್ಕೆ ಪೂರ್ತಿ ಇಳಿಸೋಣವೆಂದರೆ ಡಾಂಬರು ಮುಗಿದ ಕಡೆ ಅರ್ಧ ಅಡಿ ಕೊರಕಲು, ಲೋಡ್ ಗಾಡಿ ವಾಲಿದರೆ ಮಲಗಿಬಿಡುತ್ತದೆ. ಆಕ್ಸಲ್ ಕಟ್ಟಾದರಂತೂ ಅಲ್ಲಾಡಿಸುವುದಕ್ಕೇ ಬರುವುದಿಲ್ಲ. 1033ಕ್ಕೆ ಕರೆ ಮಾಡಬಹುದಲ್ಲ ಎಂದೆ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಅದು. ‘ಮಾಡಬಹುದು. ಕರೆದರೆ ಮೊದಲು ಮಾಲೀಕರಿಗೆ ಹೇಳಬೇಕು, ಮಾಲೀಕರು ಮೆಕ್ಯಾನಿಕ್ ಕಳಿಸ್ತೀನಿ ತಡಿ ಅಂತಾರೆ, ಮೆಕ್ಯಾನಿಕ್ ಬರೋತ್ತಿಗೆ ಬೆಳಕಾಗಿರ್ತದೆ’ ಎಂದರು.

ದೀಪವನ್ನಾದರೂ ಹಾಕಿಡಬಾರದೇ ಎಂಬುದಕ್ಕೆ ಅವರ ಉತ್ತರ ನನಗೆ ಹೊಸದಾಗಿತ್ತು. ರಾತ್ರಿಯಿಡೀ ಇಂಡಿಕೇಟರ್ ಬಿಟ್ಟರೆ ಹಳೆಯ ಬ್ಯಾಟರಿ ಇಳಿದುಹೋಗುತ್ತದೆ, ಬೆಳಿಗ್ಗೆ ಸೆಲ್ಫ್ ಹೊಡೆಯುವುದಿಲ್ಲ, ಲೋಡ್ ತುಂಬಿದ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡುವುದಕ್ಕಾಗುತ್ತದೆಯೇ? ಹೀಗಾಗಿ ಬ್ಯಾಟರಿ ಉಳಿಸಿ ಟೊಂಗೆ ಮುರಿಯುತ್ತಾರೆ. ಕೆಟ್ಟು ನಿಲ್ಲುವುದಕ್ಕಿಂತ ಬೇಕೆಂದೇ ನಿಲ್ಲಿಸುವುದೇ ಹೆಚ್ಚು ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ನಿದ್ದೆ ತಡೆಯಲಾಗದಿದ್ದಾಗ ಎಲ್ಲಾದರೂ ನಿಲ್ಲಲೇಬೇಕು. ಕತ್ತಲಿರುವ ಖಾಲಿ ಜಾಗದಲ್ಲಿ ನಿಂತರೆ ಡೀಸೆಲ್ ಕದಿಯುತ್ತಾರೆ, ತಾಡಪಾಲು ಕೊಯ್ದು ಚೀಲ ಇಳಿಸುತ್ತಾರೆ. ಢಾಬಾದ ಮುಂದೆ ಬೆಳಕಿದೆ, ಜನರಿದ್ದಾರೆ, ಆದರೆ ಅಲ್ಲಿನ ಅಂಗಳ ಹತ್ತು ಲಾರಿಗೆ ತುಂಬಿಹೋಗುತ್ತದೆ. ಹನ್ನೊಂದನೆಯದರ ಬಾಲ ರಸ್ತೆಗೆ ಚಾಚುತ್ತದೆ. ಇಷ್ಟು ಹೇಳಿ ಅವರು ಕೈತೊಳೆಯಲು ಎದ್ದರು. ಅವರ ಲಾರಿ ಎಲ್ಲಿದೆ ಎಂದು ನಾನು ಕೇಳಲಿಲ್ಲ, ಕಿಟಕಿಯಿಂದ ಕಾಣುತ್ತಿತ್ತು: ಹಿಂದಿನ ಎರಡು ಚಕ್ರ ಬಿಳಿ ಗೆರೆಯ ಮೇಲೆ.

ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದು 2025ರವರೆಗೆ ಜಾರಿಯಲ್ಲಿದ್ದ 1961ರ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆಗೂ ಈ ಢಾಬಾದಲ್ಲಿ ಕೂತವರಿಗೂ ಮುಖಪರಿಚಯವಿರಲಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ಕೂಲಿ, ತಡವಾದರೆ ಕಡಿತ ಎಂಬ ಕರಾರಿರುವವನಿಗೆ ವಿಶ್ರಾಂತಿ ಎಂದರೆ ನಷ್ಟ. ಹೆದ್ದಾರಿಯನ್ನು ನಾಲ್ಕು ಲೇನಿನಿಂದ ಆರು ಲೇನಿಗೆ ಹಿಗ್ಗಿಸುವಾಗ ಲಾರಿ ನಿಲ್ದಾಣಕ್ಕೆ ಎಷ್ಟು ಜಾಗ ಬಿಟ್ಟರು ಎಂದು ಯಾವ ಉದ್ಘಾಟನಾ ಸಮಾರಂಭದಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಎಪ್ಪತ್ತೈದು ನಿಮಿಷದ ಪ್ರಯಾಣದ ಸುದ್ದಿಯೇ ಎಲ್ಲೆಲ್ಲೂ ಇತ್ತು. ದಾರಿಯಲ್ಲಿ ನಿಲ್ಲಬೇಕಾದವನು ಎಲ್ಲಿ ನಿಲ್ಲಬೇಕು ಎಂಬ ದೂರು ಶುರುವಾದದ್ದು ಆಮೇಲೆ. ನಮ್ಮ ರಸ್ತೆಗಳನ್ನು ಓಡುವವರಿಗಾಗಿ ಕಟ್ಟುತ್ತಾರೆ. ನಿಲ್ಲುವುದೂ ಪ್ರಯಾಣದ ಒಂದು ಭಾಗ ಎಂದು ನಕ್ಷೆ ಬರೆದವರಿಗೆ ಹೊಳೆದಂತಿಲ್ಲ.

ಇದನ್ನೆಲ್ಲ ನಾನು ಹೊರಗಿನವನಾಗಿ ನೋಡುತ್ತಿಲ್ಲ. ಹದಿನೈದು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನ ಮಗ, ಬೀಜದ ವ್ಯಾಪಾರ ಮಾಡುತ್ತಿದ್ದವನು, ಒಂದು ರಾತ್ರಿ ಬೆಂಗಳೂರಿನಿಂದ ಒಬ್ಬನೇ ಕಾರು ಓಡಿಸಿಕೊಂಡು ಬರುತ್ತಿದ್ದಾಗ ಕಬ್ಬಿಣದ ಪೈಪು ಹೇರಿಕೊಂಡು ನಿಂತಿದ್ದ ಲಾರಿಗೆ ಗುದ್ದಿ ತೀರಿಕೊಂಡ. ಪೈಪುಗಳು ಲಾರಿಯ ಬೆನ್ನಿನಿಂದ ಮಾರುದ್ದ ಹೊರಗೆ ಚಾಚಿದ್ದವು, ತುದಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟಿದ್ದರು. ಠಾಣೆಯಲ್ಲಿ ದಾಖಲಾದ ವರದಿಯನ್ನು ನಾನೇ ಓದಿ ಚಿಕ್ಕಪ್ಪನಿಗೆ ಹೇಳಬೇಕಾಗಿ ಬಂತು. ಕಾರಿನ ಚಾಲಕನು ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಎಂದು ಅದು ಶುರುವಾಗುತ್ತಿತ್ತು. ವೇಗ ಎಷ್ಟಿತ್ತು ಎಂದು ಅಳೆದವರು ಯಾರೂ ಇರಲಿಲ್ಲ. ಲಾರಿ ನಿಂತಿತ್ತು ಎಂಬ ವಾಕ್ಯವಿತ್ತು. ಹೇಗೆ ನಿಂತಿತ್ತು, ದೀಪವಿತ್ತೇ, ಎಷ್ಟು ಭಾಗ ಡಾಂಬರಿನ ಮೇಲಿತ್ತು ಎಂಬ ವಿವರಕ್ಕೆ ಮಹಜರಿನಲ್ಲೂ ಜಾಗ ಸಿಕ್ಕಿರಲಿಲ್ಲ. ಚಿಕ್ಕಪ್ಪ ಕನ್ನಡಕ ತೆಗೆದು, ‘ಹಾಗಾದ್ರೆ ತಪ್ಪು ಇವನದೇ ಅಂತ ಆಯ್ತಲ್ಲ’ ಎಂದಷ್ಟೇ ಹೇಳಿದರು.

ಪರಿಹಾರದ ಅರ್ಜಿ ಐದು ವರ್ಷ ನಡೆಯಿತು. ಕೊನೆಗೆ ಲಾರಿಯವನದು ಅರ್ಧ ತಪ್ಪು, ಸತ್ತವನದು ಅರ್ಧ ತಪ್ಪು ಎಂದು ಹೆಂಡತಿ ಮತ್ತು ಮಗಳಿಗೆ ಬರಬೇಕಾದದ್ದರಲ್ಲಿ ಅರ್ಧ ಕಳೆದರು. ಸಹಯೋಗಿ ನಿರ್ಲಕ್ಷ್ಯ ಎಂದು ಕಾನೂನು ಅದನ್ನು ಕರೆಯುತ್ತದೆ. ಮುಂದೆ ನಿಂತದ್ದು ಅವನಿಗೆ ಕಾಣಿಸಬೇಕಾಗಿತ್ತು ಎಂಬುದು ಅದರ ತಿರುಳು. ಕಾಣಿಸದಂತೆ ನಿಲ್ಲಿಸಿದ್ದನ್ನು ಕಾಣಬೇಕಾಗಿತ್ತು ಎಂದು ಸತ್ತವನ ಮೇಲೆ ಹೊರಿಸುವ ಈ ತರ್ಕ ನನಗೆ ಅಂದೂ ಅರ್ಥವಾಗಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದಿಂದಲೇ ಹೋಗಿದ್ದ ಒಂದು ಮೇಲ್ಮನವಿಯಲ್ಲಿ ಇಂಥದೇ ಪ್ರಶ್ನೆಯನ್ನು ಎದುರಿಸಿತು. 2013ರ ಒಂದು ರಾತ್ರಿ, ಪಾರ್ಕಿಂಗ್ ದೀಪವಾಗಲಿ ಎಚ್ಚರಿಕೆಯ ಗುರುತಾಗಲಿ ಇಲ್ಲದೆ ಹೆದ್ದಾರಿಯ ನಡುವೆ ನಿಲ್ಲಿಸಿದ್ದ ಹದಿನಾಲ್ಕು ಚಕ್ರದ ಲಾರಿಗೆ ಕಾರು ಬಡಿದಿತ್ತು. ಕೆಳಗಿನ ಹಂತದಲ್ಲಿ ಪರಿಹಾರ ಅರ್ಧಕ್ಕೆ ಇಳಿದಿತ್ತು. ಮೋಟಾರು ವಾಹನ ಕಾಯ್ದೆಯ 122 ಮತ್ತು 126ನೇ ಕಲಂಗಳನ್ನು, ಅಂದರೆ ಅಪಾಯವಾಗುವಂತೆ ವಾಹನ ನಿಲ್ಲಿಸಬಾರದು, ಚಾಲಕನ ಆಸನದಲ್ಲಿ ಯಾರೂ ಇಲ್ಲದೆ ಬಿಟ್ಟುಹೋಗಬಾರದು ಎಂಬ ಮಾತುಗಳನ್ನು, ಮುಂದಿಟ್ಟುಕೊಂಡ ನ್ಯಾಯಪೀಠ ಲಾರಿ ನಿಲ್ಲಿಸಿದವರದೇ ಪೂರ್ಣ ಹೊಣೆ ಎಂದು ಹೇಳಿ ಆ ಕಡಿತವನ್ನು ತೆಗೆದುಹಾಕಿತು. ತೀರ್ಪಿನ ಸುದ್ದಿಯನ್ನು ತೀರಿಕೊಂಡ ತಮ್ಮನ ಹೆಂಡತಿಗೆ ಕಳಿಸಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿ ಕಳಿಸಿದೆ. ‘ಓದಿದೆ’ ಎಂದು ಉತ್ತರ ಬಂತು.

ಅಂದಿನಿಂದ ನನಗೆ ಅಪಘಾತದ ಅಂಕಿಅಂಶಗಳ ಒಂದು ಕಾಲಮ್ಮಿನ ಮೇಲೆ ಗುಮಾನಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 4,61,312 ಅಪಘಾತಗಳಾಗಿ 1,68,491 ಮಂದಿ ಸತ್ತರು. ಕರ್ನಾಟಕದ ಪಾಲು 11,702. ದೇಶದ ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳದು ನೂರಕ್ಕೆ ಎರಡರಷ್ಟು, ಸಾವಿನಲ್ಲಿ ಅವುಗಳದು ನೂರಕ್ಕೆ 36. ಈ ಅಂಕಿಗಳನ್ನು ನಾನು ನಂಬುತ್ತೇನೆ, ಹೆಣಗಳನ್ನು ಎಣಿಸುವುದರಲ್ಲಿ ತಪ್ಪಾಗುವುದು ಕಡಿಮೆ. ಆದರೆ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಅತಿವೇಗವೇ ಕಾರಣ ಎಂಬ ಕಾಲಮ್ಮು ತುಂಬುವುದು ಠಾಣೆಯಲ್ಲಿ, ನನ್ನ ತಮ್ಮನ ವರದಿ ಬರೆದಂಥದೇ ಲೇಖನಿಯಿಂದ. ವೇಗ ಕೊಲ್ಲುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ, ಮೇಲಿನ ನನ್ನ ಲೆಕ್ಕವೂ ವೇಗದ ಲೆಕ್ಕವೇ. ಆದರೂ ಎಲ್ಲ ಸಾವನ್ನೂ ಒಂದೇ ಪದದ ಕೆಳಗೆ ಜಮಾ ಮಾಡಿದ ಮೇಲೆ ರಸ್ತೆ ಕಟ್ಟಿದವನು, ಲಾರಿ ನಿಲ್ಲಿಸಿದವನು, ಎಫ್‌ಸಿಗೆ ಸಹಿ ಹಾಕಿದವನು ನಿರಾಳವಾಗಿ ಮನೆಗೆ ಹೋಗಬಹುದು. 2019ರ ತಿದ್ದುಪಡಿಯಲ್ಲಿ ರಸ್ತೆಯ ವಿನ್ಯಾಸ, ನಿರ್ವಹಣೆಯಲ್ಲಿ ಲೋಪ ಮಾಡಿದ ಗುತ್ತಿಗೆದಾರ ಅಥವಾ ಅಧಿಕಾರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನು 198ಎ ಕಲಮಿನಲ್ಲಿ ಸೇರಿಸಲಾಗಿದೆ. ಹೆಲ್ಮೆಟ್ಟಿಲ್ಲದ್ದಕ್ಕೆ ದಂಡ ಕಟ್ಟಿದವರು ನನಗೆ ಹತ್ತಾರು ಜನ ಗೊತ್ತು. ಈ ಕಲಮಿನ ದಂಡ ಕಟ್ಟಿದವರನ್ನು ಭೇಟಿಯಾಗುವ ಆಸೆಯಿದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಕಥೆಯನ್ನು ಇಲ್ಲಿ ಪೂರ್ತಿ ಹೇಳಬೇಕು, ಯಾಕೆಂದರೆ ಅದರಲ್ಲಿ ಕೆಟ್ಟದ್ದೂ ಇದೆ, ಒಳ್ಳೆಯದೂ ಇದೆ. ಸುಮಾರು 118 ಕಿ.ಮೀ. ಉದ್ದದ ಆ ರಸ್ತೆಯಲ್ಲಿ 2023ರ ಒಂದೇ ವರ್ಷ 188 ಮಂದಿ ಸತ್ತರು. ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಖುದ್ದಾಗಿ ರಸ್ತೆಗಿಳಿದು ಲೋಪಗಳನ್ನು ಗುರುತು ಹಾಕಿಸಿದರು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ಗಂಟೆಗೆ ನೂರರ ಮಿತಿಯನ್ನು ಮೊದಲು ಪೊಲೀಸರ ಸ್ಪೀಡ್ ಗನ್ನುಗಳು, ಆಮೇಲೆ ಸಾಲು ಕ್ಯಾಮೆರಾಗಳು ಕಾಯತೊಡಗಿದವು. 2024ರಲ್ಲಿ ಸತ್ತವರ ಸಂಖ್ಯೆ 50ಕ್ಕೆ ಇಳಿಯಿತು. ಅದೇ ರಾಮನಗರ, ಅದೇ ಮಂಡ್ಯ, ಅದೇ ಚಾಲಕರು, ಅವರ ಹಣೆಬರಹವೇನೂ ಒಂದು ವರ್ಷದಲ್ಲಿ ತಿದ್ದಿಹೋಗಿರಲಿಲ್ಲ. ಆದರೂ ನನಗೊಂದು ತಕರಾರಿದೆ. ಬೈಕಿನವರನ್ನು ಹೊರಗೆ ಹಾಕಿದ್ದರಿಂದ ಬೈಕಿನವರ ಪ್ರಾಣ ಉಳಿಯಿತು, ನಿಜ; ಅವರು ಈಗ ಇಕ್ಕಟ್ಟಾದ, ಅಲ್ಲಲ್ಲಿ ತುಂಡಾದ ಸರ್ವಿಸ್ ರಸ್ತೆಯಲ್ಲಿ ಎದುರು ಬದುರು ಸಂಚರಿಸುತ್ತಿದ್ದಾರೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವನಿಗೆ ಹಿಂದೆ ಇದ್ದ ರಸ್ತೆಯ ಮೇಲೆ ಈಗ ಹಕ್ಕಿಲ್ಲ.

ಅದೇ ಮಂಡ್ಯದಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಒಳರಸ್ತೆಗಳಿಗೆ ಹೋದರೆ ನಿಂತ ಲಾರಿಯ ತಮ್ಮಂದಿರು ಸಿಗುತ್ತಾರೆ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರ ಮೇಲೂ ಇಬ್ಬದಿಗೆ ಮಾರುದ್ದ ಚಾಚಿದ ಕಬ್ಬು, ಬೆನ್ನಿಗೆ ಒಂದು ದೀಪವೂ ಇಲ್ಲ. ನಡಿಗೆಗಿಂತ ತುಸು ಜೋರಾಗಿ ಹೋಗುವ ಅದನ್ನು ನಿಂತದ್ದೆಂದೇ ಎಣಿಸಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲೂ ಇದೇ ಸಾಲು. ಕಾರ್ಖಾನೆಯ ಅಂಗಳದಲ್ಲಿ ಪೊಲೀಸರು ಬಂದು ರೇಡಿಯಂ ಅಂಟಿಸಿ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮ ವರ್ಷಕ್ಕೊಮ್ಮೆ ನಡೆಯುತ್ತದೆ. ಒಳ್ಳೆಯ ಕಾರ್ಯಕ್ರಮವೇ, ಕಬ್ಬಿನ ಸೋಗೆ ಆ ಪಟ್ಟಿಯ ಮೇಲೆ ಇಳಿಬೀಳದಿದ್ದರೆ ಇನ್ನೂ ಒಳ್ಳೆಯದಿತ್ತು. ಹಳೇ ಮೈಸೂರಿನ ಕಡೆ ರಾಗಿ, ಹುರುಳಿಯನ್ನು ರಸ್ತೆಗೆ ಹಾಸಿ ಒಕ್ಕಣೆ ಮಾಡುವುದನ್ನೂ ಇದೇ ಸಾಲಿನಲ್ಲಿ ಹೇಳಬಹುದು. ರೈತನ ಕಣ ಮಾಯವಾಗಿ ಅಲ್ಲಿ ಸೈಟು ಎದ್ದ ಮೇಲೆ ಅವನಿಗೆ ಸಮತಟ್ಟಾಗಿ ಸಿಗುವ ಜಾಗ ಡಾಂಬರು ಒಂದೇ. ಲಾರಿ ಚಾಲಕನ ಕಷ್ಟಕ್ಕೂ ಅವನ ಕಷ್ಟಕ್ಕೂ ಬೇರು ಒಂದೇ ಕಡೆ ಇದೆ ಎಂದು ನನಗನ್ನಿಸುತ್ತದೆ; ಆ ಹುರುಳಿಯ ಮೇಲೆ ಜಾರಿ ಬಿದ್ದ ಬೈಕ್ ಸವಾರನಿಗೆ ಇದನ್ನು ವಿವರಿಸುವ ಧೈರ್ಯ ಮಾತ್ರ ನನಗಿಲ್ಲ.

ಆ ಮಾಘದ ರಾತ್ರಿಗೆ ಮರಳುತ್ತೇನೆ. ಹಾವೇರಿಯಲ್ಲಿ ಚಹಾಕ್ಕೆಂದು ನಿಂತಾಗ ಭಾವಮೈದುನ, ತನ್ನ ಪರ್ಸು ಮದುವೆ ಮನೆಯಲ್ಲೇ ಉಳಿದಿದೆ ಎಂದು ನೆನಪು ಮಾಡಿಕೊಂಡ. ಫೋನ್ ಮಾಡಿದಾಗ, ಹಿಂದಿನಿಂದ ಬರುತ್ತಿದ್ದ ನೆಂಟರೊಬ್ಬರು ಅದನ್ನು ಶಿಗ್ಗಾವಿಯವರೆಗೆ ತಂದುಕೊಡುತ್ತೇವೆ ಎಂದರು. ಅವನ ಪರವಾನಗಿ ಅದರಲ್ಲೇ ಇತ್ತು, ತಿರುಗಿ ಹೋದೆವು. ಪರ್ಸು ಪಡೆದು ಮತ್ತೆ ಅದೇ ದಾರಿಯಲ್ಲಿ ಬರುವಾಗ ಗಂಟೆ ಒಂದೂವರೆ ದಾಟಿತ್ತು. ಬಂಕಾಪುರ ದಾಟಿದ ಮೇಲೆ ಆ ಬೇವಿನ ಟೊಂಗೆ ಇದ್ದಲ್ಲೇ ಇತ್ತು, ಎಷ್ಟೋ ಚಕ್ರಗಳು ಹರಿದು ಎಲೆಯೆಲ್ಲ ಡಾಂಬರಿಗೆ ಅಂಟಿಕೊಂಡಿತ್ತು. ಭಾವಮೈದುನ ಬಲಕ್ಕೆ ಹೊರಳಿಸಿದ. ಮೂರು ಕಲ್ಲುಗಳೂ ಎಡ ಲೇನಿನ ನಡುವೆ ಹಾಗೆಯೇ ಇದ್ದವು. ಲಾರಿ ಇರಲಿಲ್ಲ.

ಕಾರನ್ನು ಎಡಗಡೆಗೆ, ಮಣ್ಣಿಗೆ ಪೂರ್ತಿ ಇಳಿಸಿ, ನಾಲ್ಕೂ ಇಂಡಿಕೇಟರ್ ಹಾಕಿ ನಿಲ್ಲಿಸಿದೆವು. ಡಿಕ್ಕಿಯಲ್ಲಿದ್ದ ಕೆಂಪು ತ್ರಿಕೋನವನ್ನು ಪ್ಲಾಸ್ಟಿಕ್ ಹೊದಿಕೆಯಿಂದ ಬಿಡಿಸಿ ತೆಗೆಯಬೇಕಾಯಿತು. ಕಾರು ಕೊಂಡು ಆರು ವರ್ಷವಾಗಿತ್ತು. ಅವನು ಅದನ್ನು ಹಿಡಿದು ಹಿಂದಕ್ಕೆ ನಡೆದ. ನಾನು ಹೆಡ್‌ಲೈಟುಗಳ ಸಾಲು ತೆರವಾಗುವುದನ್ನು ಕಾಯುತ್ತ ರಸ್ತೆಯ ಅಂಚಿನಲ್ಲಿ ನಿಂತೆ. ಮೊದಲ ಕಲ್ಲನ್ನು ಎತ್ತಿದಾಗ ಅದರ ಒಂದು ಮಗ್ಗುಲಿಗೆ ಯಾವುದೋ ಗಾಡಿಯ ಬಂಪರಿನ ಬಿಳಿ ಬಣ್ಣ ಮೆತ್ತಿತ್ತು.